ಖಾಕಿ ಬೈಂಡ್ ಹಾಕಿದ ಫೈಲು

ಆ ಫೈಲಿಗೆ ಬೈಂಡ್ ಹಾಕಿದ್ದು ನಾನೇ. ಆಸ್ಪತ್ರೆಯವರು ಕೊಟ್ಟ ಫೈಲಿನ ಮೇಲೆ ವಿಭಾಗದ ಹೆಸರು ದಪ್ಪ ಅಕ್ಷರದಲ್ಲಿತ್ತು. ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಆ ಪದವೂ ಅದರಲ್ಲೇ ಇತ್ತು. ದೊಡ್ಡಮ್ಮ 33 ವರ್ಷ ತಿಪಟೂರು ಕಡೆಯ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದವರು. ಬಸ್ಸಿನಲ್ಲಿ ಕೂತರೆ ಅಂಗಡಿ ಬೋರ್ಡುಗಳ ಕಾಗುಣಿತದ ತಪ್ಪು ಎಣಿಸಿಕೊಂಡು ಬರುವ ಜನ. ಅವರ ಕಣ್ಣಿಗೆ ಇದು ಬೀಳದೇ ಇರುತ್ತಾ? "ಏನಾದ್ರೂ ಮಾಡೋ" ಅಂದರು ಮಾವ. ನಾನು ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಖಾಕಿ ಪೇಪರು, ಟೇಪು ತಂದೆ. ಕಾರಿಡಾರಿನ ಬೆಂಚಿನ ಮೇಲೆ ಕೂತು, ಜೂನ್ ತಿಂಗಳಲ್ಲಿ ಹೊಸ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೇ ಬೈಂಡ್ ಹಾಕಿದೆ. ಮೂಲೆ ಒಳಕ್ಕೆ ಮಡಚಿ, ಉಗುರಿನಿಂದ ಗೀರಿ, ಅಂಚು ಕೂರಿಸಿ. ಹಾಗೆ ಹಾಕೋದನ್ನು ನನಗೆ ಕಲಿಸಿದ್ದೂ ದೊಡ್ಡಮ್ಮನೇ.

ಸಂಜೆ ಅವರು ಅದನ್ನು ಕೈಗೆ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಮೂಲೆಯ ಮೇಲೆ ಬೆರಳಾಡಿಸಿದರು. "ಚೆನ್ನಾಗಿ ಮಡಚಿದ್ದೀಯ. ಲೇಬಲ್ ಅಂಟಿಸೋದು ಮರ್ತ್ಯೇನೋ?" ಅಂದರು. ನಾನು ನಕ್ಕೆ. ಅವರೂ ನಕ್ಕು, ಫೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಇದಾಗಿ ಎಂಟು ವರ್ಷವಾಯಿತು. ರೋಗಿಗೆ ನಿಜ ಹೇಳಬೇಕೋ ಬೇಡವೋ ಅನ್ನುವುದರ ಮೇಲೆ ಅಲ್ಲಿಂದೀಚೆಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಲೇಖನ, ನಿಯಮ, ಕೋರ್ಟಿನ ತೀರ್ಪು. ಓದುವಾಗ ಎಲ್ಲಕ್ಕೂ ಹೌದು ಹೌದು ಅನ್ನುತ್ತಿದ್ದೆ, ಪುಟ ತಿರುಗಿಸುತ್ತಿದ್ದೆ. ಆ ಲೇಬಲ್ಲಿನ ಪ್ರಶ್ನೆಗೆ ಉತ್ತರ ಕೊಡು ಅಂತ ಕುತ್ತಿಗೆಪಟ್ಟಿ ಹಿಡಿದು ಕೇಳಿದ್ದು ಮಾತ್ರ ಎರಡು ಮೂರು ಕಥೆಗಳು. ನಡೆಯದೇ ಇದ್ದದ್ದನ್ನು ಹೇಳುವ ಕಥೆಗೆ, ನಡೆದದ್ದರ ಬಗ್ಗೆ ವಾದ ಮಾಡುವ ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಕಾಮಾಲೆಯ ಪಥ್ಯ

ಗಡ್ಡೆ ಇದ್ದದ್ದು ಮೇದೋಜೀರಕ ಗ್ರಂಥಿಯಲ್ಲಿ, ಅದರ ತಲೆಯ ಭಾಗದಲ್ಲಿ. ಅಲ್ಲಿ ಬೆಳೆದರೆ ಪಿತ್ತ ಇಳಿಯುವ ನಾಳ ಒತ್ತಿಕೊಂಡು ಕಣ್ಣು, ಮೈ ಹಳದಿಯಾಗುತ್ತದೆ. ಹಾಗಾಗಿ ನಮಗೆ ಸುಳ್ಳು ಹುಡುಕುವ ಕಷ್ಟವೇ ಬೀಳಲಿಲ್ಲ. ಕಾಮಾಲೆ ಅಂದುಬಿಟ್ಟೆವು. ಡಾಕ್ಟರು ದೊಡ್ಡಮ್ಮನ ಮಗನನ್ನು ರೂಮಿನಿಂದ ಹೊರಗೆ ಕರೆದು ಎಲ್ಲ ಹೇಳಿದರು. "ಅಮ್ಮಂಗೆ ಹೇಳ್ಬೇಡಿ ಸಾರ್, ತಡ್ಕೊಳಲ್ಲ" ಅಂದ ಅಣ್ಣ. ಅವರು ತಲೆಯಾಡಿಸಿದರು. ಎರಡು ನಿಮಿಷದಲ್ಲಿ ಮುಗಿದ ಮಾತು. ಡಾಕ್ಟರನ್ನು ದೂರಲು ಇದನ್ನು ಬರೆಯುತ್ತಿಲ್ಲ. ವೈದ್ಯರ ನಡತೆಗೆ ನಮ್ಮ ದೇಶದಲ್ಲಿ 2002ರಲ್ಲಿ ಬಂದ ನಿಯಮಾವಳಿ ಇದೆ. ಕಾಯಿಲೆ ಎಷ್ಟು ಗಂಭೀರ ಅನ್ನುವುದನ್ನು ದೊಡ್ಡದೂ ಮಾಡಬಾರದು, ಚಿಕ್ಕದೂ ಮಾಡಬಾರದು ಅನ್ನುತ್ತದೆ. ಆಮೇಲೆ ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿ ಇರುವ ಸ್ನೇಹಿತರಿಗೆ ವಿಷಯ ಗೊತ್ತಿರುವಂತೆ ನೋಡಿಕೊಳ್ಳಬೇಕು ಅನ್ನುತ್ತದೆ. ಆ 'ಅಥವಾ' ಇದೆಯಲ್ಲ, ನಮ್ಮ ಇಡೀ ಮನೆ ಅದರೊಳಗೆ ಹೋಗಿ ಕೂತಿತು.

ಊರಿಗೆ ಕರೆದುಕೊಂಡು ಬಂದೆವು. ಕಾಮಾಲೆ ಅಂದರೆ ಹಳ್ಳಿಯಲ್ಲಿ ಎಲ್ಲರೂ ವೈದ್ಯರೇ. ಪಕ್ಕದ ಮನೆಯವರು ನೆಲನೆಲ್ಲಿ ಅರೆದು ತಂದರು. ಎಣ್ಣೆ ಕೂಡದು, ಒಗ್ಗರಣೆ ಕೂಡದು, ಕರಿದದ್ದಂತೂ ಕಣ್ಣಿಗೂ ಬೀಳಬಾರದು. ಡಾಕ್ಟರು ನಮ್ಮ ಕಿವಿಯಲ್ಲಿ ಹೇಳಿದ್ದು ಬೇರೆ: ಏನು ಸೇರುತ್ತೋ ಅದನ್ನೇ ಸ್ವಲ್ಪ ಸ್ವಲ್ಪ ಕೊಡಿ, ಯಾವ ಪಥ್ಯವೂ ಬೇಡ. ಆದರೆ ಪಥ್ಯ ಇಲ್ಲದ ಕಾಮಾಲೆ ಎಲ್ಲಿದೆ? ಒಗ್ಗರಣೆ ಹಾಕಿ ಬಡಿಸಿದರೆ ಯಾಕೆ ಅಂತ ಕೇಳುತ್ತಾರೆ. ಆಗ ಡಿಸೆಂಬರ್. ಸೊಗಡವರೆ ಬಂದಿತ್ತು. ದೊಡ್ಡಮ್ಮನಿಗೆ ಹಿತಕಿದ ಬೇಳೆ ಸಾರು ಅಂದರೆ ಪ್ರಾಣ. ಮಿಕ್ಕವರಿಗೆ ಅಂತ ಒಂದು ದಿನ ಮಾಡಿದರು. ತೆಂಗಿನಕಾಯಿ, ಗಸಗಸೆ ರುಬ್ಬಿ ಹಾಕಿದ ಸಾರು ಕುದಿಯುತ್ತಿದ್ದರೆ ಘಮ ನಡುಮನೆಗೆ ಬಂತು. "ವಾಸಿಯಾದ್ಮೇಲೆ ತಿಂದ್ರಾಯ್ತು ಬಿಡ್ರೋ" ಅಂದರು ಮಲಗಿದ್ದಲ್ಲಿಂದ. ನಾವ್ಯಾರೂ ಮುಖ ಎತ್ತಲಿಲ್ಲ. ಅವರ ತಟ್ಟೆಗೆ ಮಜ್ಜಿಗೆ ಅನ್ನ ಹೋಯಿತು. ಅವರು ತೀರಿಕೊಂಡಿದ್ದು ಫೆಬ್ರವರಿಯಲ್ಲಿ. ಅವರೆ ಆಗ ಮುಗಿಯುತ್ತಾ ಬಂದಿತ್ತು.

ಈ ವಿಷಯದ ಮೇಲೆ ಚರ್ಚೆ ಮಾಡುವವರೆಲ್ಲ 'ಹೇಳಬೇಕೋ, ಬೇಡವೋ' ಅಂತ ಒಂದು ಗಳಿಗೆಯ ತೀರ್ಮಾನದ ಹಾಗೆ ಮಾತಾಡುತ್ತಾರೆ. ನಾವೂ ಕಾರಿಡಾರಿನಲ್ಲಿ ಹಾಗೇ ಅಂದುಕೊಂಡಿದ್ದೆವು. ಒಂದು ಸಲ ಕಾಮಾಲೆ ಅಂದರೆ ಮುಗಿಯಿತು ಅಂತ. ಆದರೆ ಸುಳ್ಳಿಗೆ ದಿನಾ ಮೂರು ಹೊತ್ತು ಅಡುಗೆ ಮಾಡಿ ಹಾಕಬೇಕು. ಬಂದ ನೆಂಟರಿಗೆ ಬಾಗಿಲಲ್ಲೇ ಪಾಠ ಒಪ್ಪಿಸಬೇಕು. ಮಾತ್ರೆಯ ಚೀಟಿ ಕೀಳಬೇಕು. ಎರಡು ತಿಂಗಳು ನಮ್ಮ ಮನೆ ನಡೆದದ್ದೇ ಅದರ ಅನುಕೂಲಕ್ಕೆ.

ಮಾವನ ಕೌಶಿಕ

ಹೇಳೋಣ ಅಂತ ನಾನು ಒಂದು ಸಲ ಬಾಯಿ ತೆರೆದಿದ್ದೆ. ಕಥೆ ಹೇಳಿ ನನ್ನ ಬಾಯಿ ಮುಚ್ಚಿಸಿದವರು ಮಾವ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ. ಕೌಶಿಕ ಯಾವತ್ತೂ ಸುಳ್ಳಾಡುವುದಿಲ್ಲ ಅಂತ ವ್ರತ ಹಿಡಿದ ತಪಸ್ವಿ. ಕಳ್ಳರು ಅಟ್ಟಿಸಿಕೊಂಡು ಬಂದಾಗ ಜನ ಅವನ ಕಣ್ಣೆದುರೇ ಕಾಡಿಗೆ ನುಗ್ಗಿ ಅವಿತುಕೊಳ್ಳುತ್ತಾರೆ. ಕಳ್ಳರು ಬಂದು ಕೇಳಿದರೆ ಈ ಪುಣ್ಯಾತ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾನೆ. ಅವರೆಲ್ಲ ಸಾಯುತ್ತಾರೆ, ಇವನು ನರಕಕ್ಕೆ ಹೋಗುತ್ತಾನೆ. "ನಿಜ ಹೇಳಿ ನರಕಕ್ಕೆ ಹೋಗ್ತೀಯಾ?" ಅಂದರು ಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಹಳ ಗಟ್ಟಿ ಕಥೆ ಅದು. ನಿಜ ಹೇಳುವುದು ಯಾವಾಗಲೂ ಸರಿ ಅನ್ನುವವನನ್ನು ಒಂದೇ ಏಟಿಗೆ ಕೆಡವುತ್ತದೆ. ಸಾವಿರಾರು ಮೈಲಿ ದೂರದಲ್ಲಿ ಕಾಂಟ್ ಅನ್ನುವ ತತ್ವಶಾಸ್ತ್ರಜ್ಞ 1797ರಲ್ಲಿ ಇದೇ ಸನ್ನಿವೇಶ ಇಟ್ಟುಕೊಂಡು, ಬಾಗಿಲಿಗೆ ಬಂದ ಕೊಲೆಗಾರನಿಗೂ ಸುಳ್ಳು ಹೇಳಕೂಡದು ಅಂತ ವಾದಿಸಿದ್ದ. ಕೃಷ್ಣ ಒಪ್ಪುತ್ತಿರಲಿಲ್ಲ ಬಿಡಿ. ನನ್ನ ತಕರಾರು ಕಥೆಯ ಮೇಲಲ್ಲ, ಅದನ್ನು ಮಾವ ತಂದಿಟ್ಟ ಜಾಗದ ಮೇಲೆ. ಕೌಶಿಕನನ್ನು ಕೇಳಿದವರು ಕಳ್ಳರು, ಉತ್ತರದಿಂದ ಸತ್ತವರು ಬೇರೆಯವರು. ನಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಯಾರು? ಕಾಯಿಲೆ ಯಾರದ್ದೋ ಅವರೇ. ದೊಡ್ಡಮ್ಮನನ್ನು ಕಳ್ಳರ ಜಾಗದಲ್ಲಿ ನಿಲ್ಲಿಸದೆ ಆ ಕಥೆ ನಮಗೆ ಹೊಂದುವುದೇ ಇಲ್ಲ. ಇಷ್ಟು ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ವರ್ಷದ ತಿಥಿಯೂ ಮುಗಿದಿತ್ತು.

ತತ್ವಶಾಸ್ತ್ರದವರೂ ವಾದ ಗೆಲ್ಲಲು ಕಥೆಯನ್ನೇ ಕಟ್ಟುತ್ತಾರೆ. ಜೂಡಿತ್ ಜಾರ್ವಿಸ್ ಥಾಮ್ಸನ್ 1971ರಲ್ಲಿ ಗರ್ಭಪಾತದ ಬಗ್ಗೆ ಬರೆಯುತ್ತಾ ಒಂದು ಕಥೆ ಹೇಳಿದರು. ಬೆಳಿಗ್ಗೆ ಎದ್ದು ನೋಡಿದರೆ ನಿಮ್ಮ ಬೆನ್ನಿಗೆ ಒಬ್ಬ ಹೆಸರಾಂತ ಪಿಟೀಲು ವಾದಕನನ್ನು ಜೋಡಿಸಿದ್ದಾರೆ. ಅವನ ಕಿಡ್ನಿ ಹೋಗಿದೆ, ನಿಮ್ಮ ಕಿಡ್ನಿಯೇ ಅವನ ರಕ್ತ ಶುದ್ಧ ಮಾಡಬೇಕು, 9 ತಿಂಗಳು. ಬಿಡಿಸಿಕೊಂಡು ಎದ್ದು ಹೋಗುವ ಹಕ್ಕು ನಿಮಗಿದೆಯೋ ಇಲ್ಲವೋ? ಐವತ್ತು ವರ್ಷದಿಂದ ಜನ ಅದರ ಮೇಲೆ ಜಗಳ ಆಡುತ್ತಿದ್ದಾರೆ ಅಂದರೆ ಆ ಪುಟ್ಟ ಕಥೆಯ ತಾಕತ್ತು ನೋಡಿ. ಆದರೆ ಅದರಲ್ಲಿ ಬರೀ ಮೂಳೆ. ಆ ಪಿಟೀಲಿನವನಿಗೆ ಯಾವ ಸಾರು ಇಷ್ಟ ಅಂತ ಯಾರೂ ಕೇಳಲ್ಲ. ಕೇಳಿದರೆ ವಾದ ಕೆಡುತ್ತದೆ. ನನಗೆ ಬೇಕಾಗಿದ್ದದ್ದು ಆ ಸಾರು ಇರುವ ಕಥೆ.

ಇವಾನ್ ಇಲ್ಯಿಚ್‌ನ ಕಾಲು

ಟಾಲ್‌ಸ್ಟಾಯ್‌ನ 'ಇವಾನ್ ಇಲ್ಯಿಚ್‌ನ ಸಾವು' ಬಂದದ್ದು 1886ರಲ್ಲಿ. ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಗೆ ಓದಿದ ಹಾಗೆ. ದೊಡ್ಡಮ್ಮ ಹೋದ ಮೇಲೆ ಮತ್ತೆ ಓದಿದಾಗ ಬೇರೆಯೇ ಪುಸ್ತಕ ಅನ್ನಿಸಿತು. ಇವಾನ್ ಇಲ್ಯಿಚ್ ಕೋರ್ಟಿನಲ್ಲಿ ದೊಡ್ಡ ಹುದ್ದೆಯವನು, 45 ವರ್ಷ. ಹೊಸ ಮನೆಗೆ ಪರದೆ ಹೇಗೆ ಕಟ್ಟಬೇಕು ಅಂತ ತೋರಿಸಲು ಏಣಿ ಹತ್ತಿ ಜಾರುತ್ತಾನೆ. ಪಕ್ಕೆಗೆ ಏಟು ಬೀಳುತ್ತದೆ, ಅಷ್ಟೇ. ಆಮೇಲೆ ನೋವು ಶುರುವಾಗಿ ಹೆಚ್ಚುತ್ತಾ ಹೋಗುತ್ತದೆ. ಡಾಕ್ಟರು ಅವನ ಮುಂದೆ ಗತ್ತಿನಿಂದ ಮಾತಾಡುವಾಗ, ತಾನು ಕೋರ್ಟಿನಲ್ಲಿ ಆರೋಪಿಗಳ ಮುಂದೆ ಆಡುತ್ತಿದ್ದದ್ದೂ ಇದೇ ನಾಟಕ ಅಂತ ಅವನಿಗೆ ಗೊತ್ತಾಗುತ್ತದೆ.

ಅವನಿಗೆ ನೋವಿಗಿಂತ ಹೆಚ್ಚು ಹಿಂಸೆ ಕೊಡುವುದು ಸುಳ್ಳು. ಏನೂ ಆಗಿಲ್ಲ, ಮೈ ಸರಿ ಇಲ್ಲ ಅಷ್ಟೇ, ಸುಮ್ನೆ ಮಲಗಿ ಔಷಧಿ ತಗೊಂಡರೆ ಸರಿಹೋಗುತ್ತೆ ಅಂತ ಎಲ್ಲರೂ ಸೇರಿ ಒಪ್ಪಿಕೊಂಡ ಸುಳ್ಳು. ಅದರಲ್ಲೂ ಚುಚ್ಚುವುದು, ಆ ನಾಟಕದಲ್ಲಿ ಅವನೂ ಪಾತ್ರ ಹಾಕಬೇಕು ಅನ್ನುವುದು. ಸಾಕು ಮಾಡಿ, ನಾನು ಸಾಯ್ತಿದ್ದೀನಿ ಅಂತ ನಿಮಗೂ ಗೊತ್ತು ನನಗೂ ಗೊತ್ತು ಅಂತ ಕೂಗಬೇಕು ಅನ್ನಿಸುತ್ತದೆ. ಕೂಗುವ ಧೈರ್ಯ ಬರುವುದಿಲ್ಲ. ನಾನು ಪುಸ್ತಕ ಮುಚ್ಚಿಟ್ಟದ್ದು ಅಲ್ಲಿ. ಲೇಬಲ್ ಮರ್ತ್ಯೇನೋ ಅಂತ ದೊಡ್ಡಮ್ಮ ನಕ್ಕಿದ್ದು ನನ್ನನ್ನು ಸಮಾಧಾನ ಮಾಡಲು ಅಂತ ಅವತ್ತಿನವರೆಗೂ ನನಗೆ ಹೊಳೆದಿರಲಿಲ್ಲ. ನಾವು ಅವರನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಹಳದಿ ಕಣ್ಣು ಬಿಟ್ಟುಕೊಂಡು ನಮ್ಮನ್ನು ಕಾಪಾಡುತ್ತಿದ್ದವರು ಅವರು.

ಆ ಮನೆಯಲ್ಲಿ ಸುಳ್ಳು ಹೇಳದವನು ಒಬ್ಬನೇ, ಗೆರಾಸಿಮ್ ಅನ್ನುವ ಆಳು ಹುಡುಗ. ಕಾಲು ಎತ್ತರದಲ್ಲಿದ್ದರೆ ನೋವು ಕಡಿಮೆ ಅಂತ ಯಜಮಾನ ಅಂದದ್ದಕ್ಕೆ, ಅವನ ಕಾಲನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡು ರಾತ್ರಿಯೆಲ್ಲ ಕೂರುತ್ತಾನೆ. ಎಲ್ಲರೂ ಸಾಯೋರೇ, ಇಷ್ಟು ಕಷ್ಟ ಪಡೋದರಲ್ಲಿ ಏನಿದೆ ಅನ್ನುತ್ತಾನೆ. ಅವನು ಯಾವ ಸತ್ಯವನ್ನೂ 'ತಿಳಿಸುವುದಿಲ್ಲ', ರಿಪೋರ್ಟ್ ಓದಿ ಹೇಳುವುದಿಲ್ಲ. ನಿಜ ಹೇಳುವುದು ಅಂದರೆ ಮಾಹಿತಿ ಕೊಡುವುದು ಅಂತ ನಾನು ತಿಳಿದುಕೊಂಡಿದ್ದೆ. 2008ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮಗಳು ಅರಿವಳಿಕೆಯಲ್ಲಿ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗುವುದಿಲ್ಲ ಅಂದಿತು ಕೋರ್ಟು. ಅದೂ ಬೇಕು, ಬಹಳ ಬೇಕು. ಆದರೆ ಕೋರ್ಟು ಆ ಹೆಗಲನ್ನು ಕೊಡಿಸುವ ಹಾಗಿಲ್ಲ.

ಅಮೆರಿಕದಲ್ಲೂ ಒಂದು ಕಾಲಕ್ಕೆ ನಮ್ಮ ಅಣ್ಣನಂಥವರೇ ಜಾಸ್ತಿ ಇದ್ದರು. 1961ರ ಒಂದು ಸಮೀಕ್ಷೆಯಲ್ಲಿ ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ಮೇಲು ಅಂದ ಡಾಕ್ಟರುಗಳು ಶೇ. 90. 1979ರಲ್ಲಿ ಮತ್ತೆ ಕೇಳಿದಾಗ ಹೇಳುವುದೇ ಮೇಲು ಅಂದವರು ಶೇ. 97. ಹದಿನೆಂಟೇ ವರ್ಷ. ಹೊಸ ಚಿಕಿತ್ಸೆಗಳು ಬಂದವು, ರೋಗಿಯ ಹಕ್ಕಿನ ಮಾತು ಬಂತು. ಇದು ಕಥೆಗಳ ಕೆಲಸ ಅಂತ ನಾನು ಹೇಳಿದರೆ ನಗುತ್ತೀರಿ. ಆದರೆ ಸುಳ್ಳಿನ ಖರ್ಚನ್ನು ರೋಗಿಯ ಖಾತೆಯಲ್ಲಿ ಬರೆದು ತೋರಿಸುವ ಕೆಲಸವನ್ನು ಒಬ್ಬ ಕಾದಂಬರಿಕಾರ ಅದಕ್ಕೂ ಮುಕ್ಕಾಲು ಶತಮಾನ ಮುಂಚೆ ಮಾಡಿಟ್ಟಿದ್ದ.

ಎದುರು ಕಥೆ

ಇಷ್ಟಾದ ಮೇಲೆ ನಾನು ಎಲ್ಲರಿಗೂ 'ಹೇಳಿಬಿಡಿ' ಅನ್ನುವ ಜನ ಆಗಿಬಿಟ್ಟಿದ್ದೆ. ಟಾಲ್‌ಸ್ಟಾಯ್ ಹೇಳಿದ ಮೇಲೆ ಮುಗಿಯಿತು ಅನ್ನುವ ಧಾಟಿ. ಆಗ ನೋಡಿದ್ದು 2019ರ 'ದಿ ಫೇರ್‌ವೆಲ್' ಸಿನಿಮಾ. ಲುಲು ವಾಂಗ್ ತಮ್ಮ ಸ್ವಂತ ಅಜ್ಜಿಯ ಕಥೆಯನ್ನೇ ಸಿನಿಮಾ ಮಾಡಿದ್ದು. ಚೀನಾದಲ್ಲಿ ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್. ಮನೆಯವರು ಅಜ್ಜಿಗೆ ಹೇಳುವುದಿಲ್ಲ. ಎಲ್ಲರೂ ಬಂದು ನೋಡಿ ಹೋಗಲು ನೆಪ ಬೇಕಲ್ಲ, ಅದಕ್ಕೆ ಮೊಮ್ಮಗನಿಗೆ ಒಂದು ಮದುವೆಯನ್ನೇ ಏರ್ಪಾಡು ಮಾಡುತ್ತಾರೆ. ಅಮೆರಿಕದಲ್ಲಿ ಬೆಳೆದ ಮೊಮ್ಮಗಳು, ಇದು ತಪ್ಪು ಅನ್ನುತ್ತಾಳೆ. ದೊಡ್ಡಪ್ಪನ ಉತ್ತರ ಏನೆಂದರೆ, ಆ ಭಾರವನ್ನು ಅಜ್ಜಿ ಹೊರುವ ಬದಲು ನಾವೆಲ್ಲ ಹೊರುತ್ತೇವೆ. ಅಜ್ಜಿಯೂ ತನ್ನ ಗಂಡನಿಗೆ ಹೀಗೇ ಮುಚ್ಚಿಟ್ಟಿದ್ದಳು ಅಂತ ಮಧ್ಯದಲ್ಲಿ ಗೊತ್ತಾಗುತ್ತದೆ. ಕೊನೆಗೆ ನಿಜವಾದ ಅಜ್ಜಿಯನ್ನು ತೋರಿಸುತ್ತಾರೆ. ವರ್ಷಗಳಾದ ಮೇಲೂ ಗಟ್ಟಿಮುಟ್ಟಾಗಿ ಇದ್ದಾಳೆ!

ನಾನು ಆ ಮದುವೆ ಮನೆಯಲ್ಲಿ ಕೂತು ಅತ್ತೆ ಅನ್ನಬಹುದು. ಅವರ ಸುಳ್ಳಿನಲ್ಲಿ ಊಟ ಇತ್ತು, ಹಾಡಿತ್ತು. ನಮ್ಮ ಸುಳ್ಳಿನಲ್ಲಿ ಮಜ್ಜಿಗೆ ಅನ್ನ. ಎರಡು ಕಥೆಯೂ ಸುಳ್ಳಿನ ಬಗ್ಗೆಯೇ. ಒಂದು ಬೇಡ ಅನ್ನುತ್ತದೆ, ಇನ್ನೊಂದು ಇರಲಿ ಬಿಡು ಅನ್ನುತ್ತದೆ. ಎರಡನ್ನೂ ನಂಬುವ ಹಾಗೆ ಮಾಡುವುದೇ ಕಥೆಯ ಶಕ್ತಿ ಆದರೆ, ಅದು ವಾದ ಹೇಗಾಗುತ್ತದೆ, ಬರೀ ಮೋಡಿ ಅಲ್ವಾ? ಈ ಅನುಮಾನ ನನಗೆ ಇದ್ದೇ ಇದೆ. ಕಥೆ ಬರೆಯುವವನ ಕೈಯಲ್ಲೇ ಎಲ್ಲ ದಾರ. ನಮ್ಮ ಹಳೇ ಸಿನಿಮಾಗಳಲ್ಲಿ ನಾಯಕ ಕರವಸ್ತ್ರಕ್ಕೆ ರಕ್ತ ಕೆಮ್ಮಿ, ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಎಲ್ಲರಿಂದ ಮುಚ್ಚಿಟ್ಟು ತ್ಯಾಗ ಮಾಡುತ್ತಿದ್ದ. ಅದನ್ನು ನೋಡಿ ಬೆಳೆದ ನಾವು ಮುಚ್ಚಿಡುವುದೇ ಪ್ರೀತಿ ಅಂತ ಕಲಿತಿದ್ದರೆ ಆಶ್ಚರ್ಯ ಇಲ್ಲ. ಹಾಗಾಗಿ ಕಥೆಯನ್ನೂ ಪ್ರಶ್ನೆ ಮಾಡಬೇಕು. ನಾನು ಈಗ ಕೇಳುವುದು, ಈ ಸುಳ್ಳಿನಿಂದ ಹಗುರಾದವರು ಯಾರು ಅಂತ. ಆ ಚೀನಾದ ಮನೆಯಲ್ಲಿ ಅಜ್ಜಿ ಹಗುರ, ಉಳಿದವರು ಭಾರ. ಇವಾನ್ ಇಲ್ಯಿಚ್‌ನ ಮನೆಯಲ್ಲಿ ಅದು ಉಲ್ಟಾ. ನಮ್ಮ ಮನೆಯಲ್ಲಿ? ಚೀನಾದ ಅಜ್ಜಿಯ ಹಾಗೆ ದೊಡ್ಡಮ್ಮ ಯಾರಿಗೂ ಏನನ್ನೂ ಮುಚ್ಚಿಟ್ಟವರಲ್ಲ. ಫೇಲಾದ ಹುಡುಗನನ್ನು ಪಕ್ಕ ಕೂರಿಸಿಕೊಂಡು ಫೇಲ್ ಅಂತಲೇ ಹೇಳುತ್ತಿದ್ದರು, ಆಮೇಲೆ ಮಗ್ಗಿ ಪುಸ್ತಕ ತೆಗೆಯುತ್ತಿದ್ದರು.

ದೊಡ್ಡಿಯಲ್ಲಿ

ಕಳೆದ ಮಳೆಗಾಲ ಮಗಳಿಗೆ ಗೋವಿನ ಹಾಡು ಬಾಯಿಪಾಠ ಮಾಡಿಸುತ್ತಿದ್ದೆ. ದೊಡ್ಡಮ್ಮ ಶಾಲೆಯಲ್ಲಿ ಅದನ್ನು ಆಡಿಸುತ್ತಿದ್ದ ರೀತಿ ನೆನಪಿತ್ತು. ಜೋರು ಮಾಡುವ ಹುಡುಗನನ್ನೇ ಕರು ಮಾಡುತ್ತಿದ್ದರು, ಮೆತ್ತಗಿನವಳನ್ನು ಹುಲಿ. ಹುಲಿಯ ಹೆಸರು ಅರ್ಬುತ. ನಮ್ಮ ಹಳೆಯ ಪುಸ್ತಕಗಳು ಕ್ಯಾನ್ಸರಿಗೆ ಅರ್ಬುದ ಅನ್ನುತ್ತವೆ. ಒಂದು ಅಕ್ಷರದ ವ್ಯತ್ಯಾಸ, ಸುಮ್ನೆ ಕಾಕತಾಳೀಯ. ಆದರೂ ಅವತ್ತು ನಾಲಿಗೆ ಅಲ್ಲಿ ತಡವರಿಸಿತು.

ಆ ಹಾಡನ್ನು ನಾವೆಲ್ಲ ಕೊಟ್ಟ ಮಾತಿನ ಕಥೆ ಅಂತ ಓದಿದ್ದೇವೆ. ಹಸು ಹುಲಿಗೆ ಮಾತು ಕೊಟ್ಟಿತು, ಉಳಿಸಿಕೊಂಡಿತು. ಹುಲಿಯ ಮನಸ್ಸು ಕರಗಿ ಅದು ಆಕಾಶಕ್ಕೆ ಹಾರಿ ಪ್ರಾಣ ಬಿಟ್ಟಿತು. ಆ ಕೊನೆ ಕವಿ ನಮಗೆ ಕೊಟ್ಟ ಉಡುಗೊರೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ನಮ್ಮ ಹುಲಿ ಹಾರಲಿಲ್ಲ. ನನ್ನನ್ನು ನಿಲ್ಲಿಸಿದ್ದು ಮಧ್ಯದ ಭಾಗ. ಪುಣ್ಯಕೋಟಿ ದೊಡ್ಡಿಗೆ ವಾಪಸು ಬರುತ್ತಾಳೆ. ಕರುವಿಗೆ ಹಾಲೂಡಿಸಿ ಹಾಗೇ ಹೋಗಿಬಿಡಬಹುದಿತ್ತು. ಮೇವಿಗೆ ಹೋಗಿ ಬರ್ತೀನಿ ಅನ್ನಬಹುದಿತ್ತು. ನಮ್ಮ ಮನೆಯವರಾಗಿದ್ದರೆ ಹಾಗೇ ಹೇಳುತ್ತಿದ್ದೆವು. ಅವಳು ಅಷ್ಟು ಎಳೆಯ ಕರುವಿಗೆ ಇದ್ದದ್ದನ್ನು ಹೇಳುತ್ತಾಳೆ. ಇನ್ನು ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಅಂತ ಅದು ಅಳುತ್ತದೆ. ಆಮೇಲೆ ಮಿಕ್ಕ ಹಸುಗಳ ಕಡೆ ತಿರುಗಿ ಕರುವನ್ನು ಒಪ್ಪಿಸುತ್ತಾಳೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ಎಷ್ಟು ಸಣ್ಣ ಸಣ್ಣ ವಿಷಯ ನೋಡಿ. ಸಾಯುವವಳಿಗೆ ಅಷ್ಟು ಹೊತ್ತು ಸಿಕ್ಕಿದ್ದು, ಸಾಯುತ್ತೇನೆ ಅನ್ನುವ ಮಾತನ್ನು ದೊಡ್ಡಿಯಲ್ಲಿ ಆಡಬಹುದಾಗಿದ್ದರಿಂದ. ಹೇಳಿದವಳು ಅವಳು, ಕೇಳಿಸಿಕೊಂಡವರು ಉಳಿದವರು.

ಮಗಳು ಮುಂದಿನ ಸಾಲು ಹೇಳುತ್ತಿದ್ದಳು. ನನಗೆ ಜನವರಿಯ ಒಂದು ಮಧ್ಯಾಹ್ನ ನೆನಪಾಯಿತು. ದೊಡ್ಡಮ್ಮ ನಿವೃತ್ತಿಯಾದ ಮೇಲೂ ಜಗಲಿಯಲ್ಲಿ ನಾಲ್ಕೈದು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ದುಡ್ಡಿಲ್ಲದೆ. ಅದರಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗಿ, ನವೋದಯ ಪರೀಕ್ಷೆಗೆ ಓದುತ್ತಿದ್ದಳು. ಅವತ್ತು ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, "ಆ ಹುಡುಗೀನ ಯಾರಾದ್ರೂ ನೋಡ್ಕೋಬೇಕಲ್ಲೋ. ಭಾಷೆ ಚೆನ್ನಾಗಿದೆ. ಭಿನ್ನರಾಶಿಲಿ ಎಡವ್ತಾಳೆ" ಅಂದರು. ನಾನು ಏನು ಹೇಳಿದೆ ಅಂತ ಅಕ್ಷರ ಅಕ್ಷರ ನೆನಪಿದೆ. "ನಿಮ್ಗೇನಾಗಿದೆ ದೊಡ್ಡಮ್ಮ, ಹದಿನೈದು ದಿನ, ಆಮೇಲೆ ನೀವೇ ಹೇಳ್ಕೊಡೋರಂತೆ." ಅವರು ಕೈ ಬಿಟ್ಟರು. "ಹೂಂ" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ತಿಂಗಳು ಹಾಸ್ಟೆಲಿನ ಹಳೇ ಗೆಳೆಯ ರಾತ್ರಿ ಫೋನ್ ಮಾಡಿದ. ಅವನ ತಂದೆಗೆ ರಿಪೋರ್ಟ್ ಬಂದಿದೆ. ಮನೆಯಲ್ಲಿ ಎಲ್ಲರೂ ಹೇಳೋದು ಬೇಡ ಅಂತಿದ್ದಾರೆ. "ನೀನು ಇದ್ರ ಬಗ್ಗೆ ಓದ್ಕೊಂಡಿದ್ದೀಯಲ್ಲ, ಏನ್ ಮಾಡ್ಲಿ ಹೇಳು" ಅಂದ. ನಿಯಮ ಹೇಳಲು ಹೋದೆ, ಬಾಯಿಗೆ ಬರಲಿಲ್ಲ. ಖಾಕಿ ಪೇಪರಿನಿಂದ ಶುರು ಮಾಡಿ ಇದನ್ನೆಲ್ಲ ಹೇಳಿದೆ, ಸಾರು, ಲೇಬಲ್ಲು, ಭಿನ್ನರಾಶಿ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಲೈನ್ ಹೋಯ್ತೇನೋ ಅಂದುಕೊಂಡೆ.

"ಆ ಹುಡುಗಿ ಏನಾದ್ಲು?" ಅಂತ ಕೇಳಿದ.

"ಗೊತ್ತಿಲ್ಲ ಕಣೋ" ಅಂದೆ. "ವಿಚಾರಿಸ್ಲೇ ಇಲ್ಲ."